ಗುಂಡುಸೂಜಿಯ ಅಳು

ಅತ್ತೆಯ ಬಾಯಲ್ಲಿ ಸೊಸೆಯ ಗುಣಗಾನ ಕೇಳಿದರೆ ಜನ ನಂಬುವುದಿಲ್ಲ. ಏನೋ ಒಳಗುಟ್ಟು ಇರಬೇಕು, ಮುದುಕಿಗೆ ಅವಳಿಂದ ಏನೋ ಆಗಬೇಕಾಗಿದೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ನನ್ನ ಸೊಸೆಯ ಬಗ್ಗೆ ಹೇಳುವುದಕ್ಕೆ ನನಗಿಂತ ಲಾಯಕ್ಕಾದವರು ಯಾರೂ ಇಲ್ಲ. ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಅವಳ ಜೊತೆ ಏಗಿದವಳು ನಾನು.

ಅವಳ ಕೆಲಸ ದನಿ ಕೊಡುವುದು. ಮುಖ ನೋಡಿ ಯಾರೂ ಗುರುತು ಹಿಡಿಯುವುದಿಲ್ಲ, ಆದರೆ ತರಕಾರಿ ಅಂಗಡಿಯಲ್ಲಿ ಬಾಯಿ ಬಿಟ್ಟು ಟೊಮೆಟೊ ಬೆಲೆ ಕೇಳಿದರೆ ಸಾಕು, ಸುತ್ತಲಿನ ಮಕ್ಕಳು ತಟ್ಟನೆ ತಿರುಗಿ ನೋಡುತ್ತಾರೆ. ಮೊದಲು ಅವಳು ಲಿಫ್ಟುಗಳಲ್ಲಿ ಮಾತಾಡುತ್ತಿದ್ದಳು. "ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ದೂರ ನಿಲ್ಲಿ" ಅನ್ನುವ ಹೆಣ್ಣುದನಿ ಇರುತ್ತದಲ್ಲ, ಅದು ಇವಳದು. ನನ್ನ ಮಗ ಲಿಫ್ಟ್ ರಿಪೇರಿ ಮಾಡುವವನು. ಮೈಯೆಲ್ಲ ಗ್ರೀಸು ಮಾಡಿಕೊಂಡು ದಿನವಿಡೀ ಆ ದನಿ ಕೇಳುತ್ತ ಕೆಲಸ ಮಾಡುತ್ತಿದ್ದ. ಒಂದು ಕಟ್ಟಡದ ಲಿಫ್ಟು ನಾಲ್ಕನೇ ಮಹಡಿಯಲ್ಲಿ ನಿಂತು ಮೂರನೇದು ಅಂತ ಹೇಳುತ್ತಿತ್ತಂತೆ. ಅದನ್ನು ಮತ್ತೆ ಹೇಳಿಸಿಕೊಂಡು ಬರೋಕೆ ಅವನನ್ನು ಸ್ಟುಡಿಯೋಗೆ ಕಳಿಸಿದರು. ಹೋದವನು ಸಂಜೆ ಬಂದು, "ಅಮ್ಮ, ಅವಳು ಎದುರಿಗೆ ನಿಂತು ದೂರ ನಿಲ್ಲಿ ಅಂದ್ರೂ ನಂಗೆ ಹತ್ರ ಹೋಗ್ಬೇಕು ಅನ್ಸುತ್ತೆ," ಅಂದ. ನಾನು ತಲೆ ಚಚ್ಚಿಕೊಂಡೆ. ಮದುವೆ ಮಾಡಿದೆ.

ಆಮೇಲೆ ಅವಳಿಗೆ ಕಾರ್ಟೂನುಗಳು ಸಿಕ್ಕವು. ವಯಸ್ಸು ನಲವತ್ತು ದಾಟಿದರೂ ಗಂಟಲು ಹದಿನಾರರಲ್ಲೇ ನಿಂತಿತ್ತು. ಅದಕ್ಕೇ ಅವಳಿಗೆ 'ಆಕಾಶದ ಹೈಸ್ಕೂಲು' ಧಾರಾವಾಹಿಯಲ್ಲಿ ಗುಂಡುಸೂಜಿಯ ಪಾತ್ರ ಕೊಟ್ಟರು. ಬೇರೆ ಬೇರೆ ಗ್ರಹಗಳ ಮಕ್ಕಳು ಭೂಮಿಗೆ ಬಂದು ನಮ್ಮ ಮಕ್ಕಳ ಜೊತೆ ಹೈಸ್ಕೂಲು ಓದುವ ಕಥೆ ಅದು. ಒಬ್ಬನನ್ನು ಬಕೆಟ್ಟಿನಲ್ಲಿ ಕೂರಿಸಿ ಪಾಠ ಹೇಳಬೇಕು, ಇನ್ನೊಬ್ಬಳು ಪರೀಕ್ಷೆ ಅಂದರೆ ಭಯಕ್ಕೆ ಕಾಣೆಯಾಗುತ್ತಾಳೆ. ಡ್ರಿಲ್ ಮೇಷ್ಟ್ರು ಎಡಗಾಲು ಬಲಗಾಲು ಅಂತ ಹೇಳಲಾಗದೆ ಒದ್ದಾಡುತ್ತಾರೆ, ಆರು ಕಾಲಿನವರೂ ಕಾಲೇ ಇಲ್ಲದವರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರಲ್ಲ. ಗುಂಡುಸೂಜಿ ದೂರದ ಗ್ರಹದಿಂದ ಒಬ್ಬಳೇ ಬಂದ ಹುಡುಗಿ. ಕಡ್ಡಿಯಂಥ ಮೈ, ಅದರ ಮೇಲೊಂದು ದುಂಡು ತಲೆ, ಕೊಳವೆಯಂಥ ಕಿವಿ. ಅವಳ ನಿಜವಾದ ಹೆಸರು ಯಾರ ನಾಲಿಗೆಗೂ ಹೊರಳದೆ ತರಗತಿಯ ಮಕ್ಕಳು ಈ ಅಡ್ಡಹೆಸರಿಟ್ಟಿದ್ದರು. ಅತ್ತರೆ ಅವಳಿಗೆ ನೀರು ಬರುವುದು ಕಿವಿಯಿಂದ.

ಈ ಧಾರಾವಾಹಿಯಲ್ಲಿ ಮೊದಲು ದನಿ, ಆಮೇಲೆ ಚಿತ್ರ. ಅಂದರೆ ನನ್ನ ಸೊಸೆ ಖಾಲಿ ಕೋಣೆಯಲ್ಲಿ ಮೈಕಿನ ಎದುರು ನಿಂತು ಹೇಳಿದ್ದನ್ನು ಕೇಳಿಕೊಂಡು ಚಿತ್ರ ಬರೆಯುವವರು ಗುಂಡುಸೂಜಿಯ ಬಾಯಿ, ಹುಬ್ಬು, ಭುಜ ಎಲ್ಲ ಬರೆಯುತ್ತಾರೆ. ಇವಳ ಉಸಿರು ಸಣ್ಣಗೆ ಏರಿದರೆ ಅಲ್ಲಿ ಗುಂಡುಸೂಜಿಯ ಎದೆ ಏರುತ್ತದೆ. ಹಾಗಾಗಿ ಸ್ಟುಡಿಯೋಗೆ ಹೊರಡುವ ದಿನ ನಮ್ಮ ಮನೆಯಲ್ಲಿ ಒಂದು ಶಿಸ್ತು. ಸರಬರ ಅನ್ನದ ಹಳೇ ಹತ್ತಿ ಬಟ್ಟೆ, ಬಳೆ ಇಲ್ಲ, ವಾಚಿಲ್ಲ. ಹಾಲು ಮೊಸರು ಮುಟ್ಟುವಂತಿಲ್ಲ, ಗಂಟಲು ಕಟ್ಟುತ್ತದೆ. ಹಾಗಂತ ಹಸಿದುಕೊಂಡೂ ಹೋಗುವಂತಿಲ್ಲ, ಹೊಟ್ಟೆ ಗುರುಗುಟ್ಟಿದರೆ ಮೈಕು ಅದನ್ನೂ ಹಿಡಿಯುತ್ತದೆ. ಯುದ್ಧಕ್ಕೆ ಹೋಗುವವರೂ ಇಷ್ಟು ತಯಾರಿ ಮಾಡಿಕೊಳ್ಳುವುದಿಲ್ಲ ಅಂತ ನಾನು ರೇಗಿಸುತ್ತಿದ್ದೆ.

ಇನ್ನೊಂದು ವಿಷಯ ಹೇಳಬೇಕು. ಅವಳು ಕಳ್ಳಿ. ಒಡವೆ ವಸ್ತ್ರದ ಕಳ್ಳಿಯಲ್ಲ, ಸದ್ದಿನ ಕಳ್ಳಿ. ಬಸ್ ಸ್ಟಾಪಿನಲ್ಲಿ ಯಾರಾದರೂ ಜಗಳಕ್ಕೆ ನಿಂತರೆ ಮೈಯೆಲ್ಲ ಕಿವಿಯಾಗಿ ನಿಂತುಬಿಡುವಳು, ಎರಡು ಬಸ್ಸು ಹೋದರೂ ಹತ್ತುವವಳಲ್ಲ. ಬೀದಿ ಕೊನೆಯ ಔಷಧಿ ಅಂಗಡಿಯವರ ಕೆಮ್ಮು ಆಕಾಶದ ಹೈಸ್ಕೂಲಿನ ಹೆಡ್‌ಮಾಸ್ತರರಿಗೆ ಹೋಯಿತು, ಆ ಪಾತ್ರ ಮಾಡುವವರಿಗೆ ಇವಳೇ ಹೇಳಿಕೊಟ್ಟಳು. ಒಂದು ದಿನ ಟೀವಿ ನೋಡುತ್ತಿದ್ದೆ. ಶಾಲೆಯ ಅಡುಗೆಯವಳು ಬಾಯಿ ತೆರೆದು ಆಕಳಿಸಿದಳು, ಕೊನೆಗೆ ರಾಗ ಎಳೆದು "ಅಯ್ಯೋ ರಾಮ" ಅಂದಳು. ಅದು ನನ್ನ ಆಕಳಿಕೆ. ಆ ಅಡುಗೆಯವಳಿಗೆ ಎಂಟು ಕೈ ಬೇರೆ. ನಾನು ಮುಖ ಊದಿಸಿಕೊಂಡೆ, ಆದರೆ ಮರುದಿನ ಪಕ್ಕದ ಮನೆಯವಳನ್ನು ನಾನೇ ಕರೆದು ಹೇಳಿದೆ, ಅದು ನಂದೇ ಕಣೇ ಅಂತ. ನಮಗೆಲ್ಲ ಅದು ತಮಾಷೆಯಾಗಿತ್ತು. ಅವಳಿಗೆ ಅದು ಉಸಿರಾಟದ ಹಾಗೆ, ತೆಗೆದುಕೊಂಡದ್ದೂ ಗೊತ್ತಾಗುತ್ತಿರಲಿಲ್ಲ.

ನನ್ನ ಮಗ ಹೋಗಿ ಆಗ ಮೂರು ವರ್ಷವಾಗಿತ್ತು. ಎದೆನೋವು ಅಂತ ಆಸ್ಪತ್ರೆಗೆ ನಡೆದುಕೊಂಡೇ ಹೋದವನು ತಿರುಗಿ ಬರಲಿಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ರೂಢಿಯಾಗಿಲ್ಲ. ಆ ದಿನ ನಾನು ಎದೆ ಬಡಿದುಕೊಂಡು ಅತ್ತೆ, ನೆಂಟರು ಅತ್ತರು, ಅವನ ಜೊತೆ ಕೆಲಸ ಮಾಡುವವರು ಗೋಡೆಗೆ ಮುಖ ಮಾಡಿ ಅತ್ತರು. ಸೊಸೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಯಾರ್ಯಾರಿಗೆ ಫೋನ್ ಮಾಡಬೇಕೋ ಮಾಡಿದಳು, ನನಗೆ ಬೀಪಿ ಮಾತ್ರೆ ಕೊಟ್ಟಳು, ಮಗಳ ತಲೆ ಬಾಚಿದಳು, ಬಂದವರಿಗೆಲ್ಲ ಕುರ್ಚಿ ಹಾಕಿದಳು. ನೆಂಟರು ಗುಸುಗುಸು ಶುರುಮಾಡಿದರು. "ಅಳೋಕೆ ನಾನಿದ್ದೀನಿ, ಮನೆ ನಡೆಸೋಕೆ ಒಬ್ರು ಬೇಕಲ್ಲ," ಅಂತ ನಾನು ಅವರ ಬಾಯಿ ಮುಚ್ಚಿಸಿದೆ.

ಅಪ್ಪ ಹೋದಾಗ ಮೊಮ್ಮಗಳಿಗೆ ಹದಿಮೂರು. ಅವಳು ಮಲಗುವ ಕೋಣೆಯ ಬಾಗಿಲ ಹಿಂದೆ ಕುಳಿತು ಅಪ್ಪನ ಕೆಲಸದ ಅಂಗಿಯನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಉಸಿರನ್ನು ತುಂಡು ತುಂಡಾಗಿ ಒಳಗೆಳೆದುಕೊಳ್ಳುವುದು, ಆಮೇಲೆ ಸದ್ದೇ ಇಲ್ಲ, ಆಮೇಲೆ ಮುಚ್ಚಿದ ಬಾಯಿಯೊಳಗೇ ಸಣ್ಣದೊಂದು 'ಹ್ಮ್'. ಆ ಅಳು ಕೇಳಿದವರು ನಾವಿಬ್ಬರೇ, ನಾನು ಮತ್ತು ಸೊಸೆ.

ಅದಾಗಿ ಮೂರು ವರ್ಷ ಕಳೆದು ಒಂದು ಸಂಜೆ ನಾನು ಬಟಾಣಿ ಸುಲಿಯುತ್ತ ಟೀವಿ ಮುಂದೆ ಕೂತಿದ್ದೆ. ಆಕಾಶದ ಹೈಸ್ಕೂಲಿನ ಹೊಸ ಕಂತು. ಗುಂಡುಸೂಜಿಗೆ ತನ್ನ ಗ್ರಹದ ಸೂರ್ಯ ಆರಿಹೋಯಿತು ಅಂತ ಸುದ್ದಿ ಬರುತ್ತದೆ. ಅವಳು ಶಾಲೆಯ ನಲ್ಲಿಗಳ ಹತ್ತಿರ ಹೋಗಿ ಗೋಡೆಗೆ ಒರಗಿ ಅಳುತ್ತಾಳೆ. ಉಸಿರು ತುಂಡು ತುಂಡಾಗಿ ಒಳಗೆ ಹೋಯಿತು. ಸದ್ದು ನಿಂತಿತು. ಆಮೇಲೆ 'ಹ್ಮ್'. ನನ್ನ ಕೈಯಲ್ಲಿದ್ದ ಬಟಾಣಿ ಹಾಗೇ ಉಳಿಯಿತು. ಗುಂಡುಸೂಜಿಯ ಎರಡೂ ಕಿವಿಯಿಂದ ನೀರು ಚಿಲ್ಲೆಂದು ಹಾರಿ ಬಕೆಟ್ಟಿನ ಹುಡುಗನ ತಲೆ ಮೇಲೆ ಬಿತ್ತು. ಮಕ್ಕಳು ನಗಲಿ ಅಂತ ಮಾಡಿದ್ದು ಅದು.

ಅದೇ ಹೊತ್ತಿನಲ್ಲಿ ನನ್ನ ಮೊಮ್ಮಗಳು ಗೆಳತಿಯ ಮನೆಯಲ್ಲಿ ಇತರ ಹುಡುಗಿಯರ ಜೊತೆ ಕೂತು ಅದನ್ನೇ ನೋಡುತ್ತಿದ್ದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಒಬ್ಬಳು ಎದ್ದು ನಿಂತು ಆ ಅಳುವನ್ನು ಹಾಗೇ ಅಣಕಿಸಿ ತೋರಿಸಿದಳಂತೆ.

ಮನೆಗೆ ಬಂದವಳು ಚಪ್ಪಲಿ ಬಿಡದೆ ಅಡುಗೆಮನೆ ಬಾಗಿಲಲ್ಲಿ ನಿಂತಳು. "ಅದು ನಂದು," ಅಂದಳು.

ಸೊಸೆಗೆ ಅರ್ಥವಾಗಲಿಲ್ಲ. "ಯಾವ್ದು ಪುಟ್ಟಿ?"

"ಆ ಅಳು. ಅಪ್ಪ ಹೋದ ದಿನ ಬಾಗಿಲ ಹಿಂದೆ ನಾನು ಅತ್ತಿದ್ದು. ಅದನ್ನ ತಗೊಂಡೋಗಿ ಕೊಟ್ಬಿಟ್ಟಿದ್ದೀಯ. ಎಲ್ರೂ ನಕ್ರು ಅಮ್ಮ."

ಸೊಸೆಯ ಮುಖ ಬಿಳಿಚಿಕೊಂಡಿತು. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ, ನಾನು ಯಾರ ಮೇಲೆ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಸ್ಟುಡಿಯೋದಲ್ಲಿ ಅದು ಒಂದೇ ಸಲಕ್ಕೆ ಬಂತಂತೆ, ಕೇಳಿದವರೆಲ್ಲ ಕಣ್ಣು ಒರೆಸಿಕೊಂಡರಂತೆ, ಇವಳೂ ಖುಷಿಯಿಂದ ಮನೆಗೆ ಬಂದಿದ್ದಳು. ಎಲ್ಲಿಂದ ಬಂತು ಅಂತ ಒಂದು ಕ್ಷಣವೂ ಯೋಚಿಸಿರಲಿಲ್ಲ. ಈಗ ಹೊಳೆಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಅವತ್ತಿನಿಂದ ಮೊಮ್ಮಗಳ ಬಾಯಿಗೆ ಬೀಗ ಬಿತ್ತು. ಅಮ್ಮ ಇದ್ದ ಕೋಣೆಯಲ್ಲಿ ಅವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಮ್ಮ ಹೊರಗೆ ಹೋದರೆ ನನ್ನ ಹತ್ತಿರ ಗಲಗಲ ಮಾತು, ಗೇಟಿನ ಸದ್ದಾದರೆ ಟಪ್ಪಂತ ನಿಲ್ಲುವುದು. ಸೀನು ಬಂದರೂ ಮೂಗು ಹಿಡಿದುಕೊಂಡು ಬಚ್ಚಲಿಗೆ ಓಡುತ್ತಿದ್ದಳು. "ಇದೇನೇ ಹಟ?" ಅಂದೆ ಒಂದು ದಿನ. "ಮಾತಾಡಿದ್ರೆ ಅದನ್ನೂ ತಗೋತಾಳೆ ಅಜ್ಜಿ," ಅಂದಳು.

ಸೊಸೆ ಕ್ಷಮಿಸು ಅಂದಳು, ಒಂದು ಸಲವಲ್ಲ. ಮಗಳ ಕೋಣೆಯ ಹೊರಗೆ ಬಾಗಿಲಿಗೆ ಒರಗಿ ಕೂತು ಹೇಳಿದಳು. ಮಗಳು ಮನೆಯಲ್ಲಿದ್ದಾಗ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡಿದ್ದೂ ಉಂಟು, ನಾನು ಕುಕ್ಕರ್ ಇಳಿಸು ಅಂತ ಕೂಗಿ ಕೂಗಿ ಸಾಕಾಗುತ್ತಿದ್ದೆ. ಏನೂ ಪ್ರಯೋಜನವಾಗಲಿಲ್ಲ. ಅವರಿಬ್ಬರ ನಡುವೆ ನಾನು ಪೋಸ್ಟ್‌ಮ್ಯಾನ್ ಆದೆ. ಈ ಕಡೆಯಿಂದ "ಊಟ ಮಾಡ್ತಾಳಂತಾ ಕೇಳಿ ಅತ್ತೆ," ಆ ಕಡೆಯಿಂದ "ಹಸಿವಿಲ್ಲ ಅಂತ ಹೇಳಜ್ಜಿ." ಗಂಡನನ್ನು ಕಳೆದುಕೊಂಡಾಗಲೂ ನೆಟ್ಟಗೆ ನಿಂತಿದ್ದ ಸೊಸೆ ಈಗ ದಿನದಿನಕ್ಕೆ ಸೊರಗಿದಳು. ನನಗೆ ಇಬ್ಬರ ಮೇಲೂ ಕೋಪ, ಇಬ್ಬರನ್ನು ನೋಡಿದರೂ ಕರುಳು ಚುರುಕ್.

ಹೀಗಿರುವಾಗ ಧಾರಾವಾಹಿಯ ಕೊನೆಯ ಕಂತು ಬಂತು. ಶಾಲೆ ಮುಗಿಯುತ್ತದೆ, ಗುಂಡುಸೂಜಿಯನ್ನು ಕರೆದೊಯ್ಯಲು ಆಕಾಶನೌಕೆ ಬರುತ್ತದೆ, ಅವಳು ಮತ್ತೆ ಅಳಬೇಕು. ಡೈರೆಕ್ಟರಮ್ಮ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. "ನಲ್ಲಿ ಹತ್ರ ಅತ್ತಳಲ್ಲ, ಅದೇ ಅಳು ಬೇಕು. ಜನಕ್ಕೆ ಅದು ಮನಸ್ಸಲ್ಲಿ ಕೂತ್ಬಿಟ್ಟಿದೆ."

"ಅದು ಬೇಡ ಮೇಡಂ. ಬೇರೆ ಕೊಡ್ತೀನಿ."

"ಅಷ್ಟೇ ಚೆನ್ನಾಗಿದ್ರೆ ಸರಿ. ಇಲ್ದಿದ್ರೆ ಹಳೇದನ್ನೇ ಮತ್ತೆ ಹಾಕ್ತೀವಿ, ಹೇಗೂ ನಮ್ಮ ಹತ್ರ ಇದೆ."

ಫೋನಿಟ್ಟ ಮೇಲೆ ನಾನು ಕೇಳಿದೆ, "ವಿಷಯ ಏನು ಅಂತ ಅವರಿಗೆ ಬಿಡಿಸಿ ಹೇಳಬಾರದೇನೇ?"

"ಹೇಳಿದ್ರೆ ಅವರು ಅದನ್ನ ಇನ್ನೊಂದ್ಸಲ ಹಾಕಿ ಕೇಳ್ತಾರೆ ಅತ್ತೆ. ಅದರ ಹಿಂದಿನ ಕತೆ ನಾಲ್ಕು ಜನಕ್ಕೆ ಹೇಳ್ತಾರೆ. ಅವಳ ಅಪ್ಪನ ಸಾವು ಸ್ಟುಡಿಯೋ ಮಾತಾಗೋದು ನಂಗೆ ಬೇಡ."

ಅಲ್ಲಿಂದ ಶುರುವಾಯಿತು ನೋಡಿ. ಬಚ್ಚಲುಮನೆಯ ನಲ್ಲಿ ತಿರುಗಿಸಿ ಸೊಸೆ ಅಳುವುದನ್ನು ಅಭ್ಯಾಸ ಮಾಡುತ್ತಿದ್ದಳು. ನಾನು ಹೊರಗೆ ನಿಂತು ಕೇಳುತ್ತಿದ್ದೆ. ಒಂದು ಸಲ ಅತ್ತರೆ ಪಕ್ಕದ ಮನೆಯವಳು ಅತ್ತ ಹಾಗೆ, ಇನ್ನೊಂದು ಸಲ ಸಿನಿಮಾದವರ ಹಾಗೆ. ಒಂದು ಸಲ ಸಾಕ್ಷಾತ್ ನಾನೇ ಎದೆ ಬಡಿದುಕೊಂಡ ಹಾಗೆ. ಕಣ್ಣೊರೆಸಿಕೊಳ್ಳದೆ ಹೊರಗೆ ಬಂದಳು, ಒರೆಸಿಕೊಳ್ಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ. "ನನ್ನ ಹತ್ರ ನನ್ನದು ಅಂತ ಒಂದು ಅಳು ಇಲ್ಲ ಅತ್ತೆ," ಅಂದಳು. ಬೆಳಗ್ಗೆ ಎದ್ದು ಹಾಲಿಲ್ಲ ಅನ್ನುವ ಹಾಗೆ ಸಾದಾ ಹೇಳಿದಳು. ನಾನು ಅವಳ ತಲೆ ಸವರಿದೆ, ಬೇರೇನು ಮಾಡಲಿ.

ಕೊನೆಯ ಕಂತಿಗೆ ಬೀಳ್ಕೊಡುಗೆ ಸಭೆಯ ಗದ್ದಲ ಬೇಕಾಗಿತ್ತು. ಅದಕ್ಕೆ ಸ್ಟುಡಿಯೋದವರು ಎಲ್ಲರೂ ಮನೆಮಂದಿಯನ್ನು ಕರೆತನ್ನಿ ಅಂದಿದ್ದರು. ನನಗೆ ಅದೇ ಸಾಕಾಯಿತು. ಆ ಬೆಳಗ್ಗೆ ಇದ್ದಕ್ಕಿದ್ದಂತೆ ನನ್ನ ಮಂಡಿ ಹಿಡಿದುಕೊಂಡುಬಿಟ್ಟಿತು. "ಒಬ್ಳೇ ಮೆಟ್ಲು ಹತ್ತಕ್ಕಾಗಲ್ಲ ಕಣೇ. ನಿಮ್ಮಮ್ಮ ಅಲ್ಲಿ ಹೋದ ತಕ್ಷಣ ಕೆಲಸಕ್ಕೆ ನಿಲ್ತಾಳೆ. ನೀನು ಕೈ ಹಿಡ್ಕೊ ಬಾ," ಅಂದೆ ಮೊಮ್ಮಗಳಿಗೆ. ಅವಳು ನನ್ನ ಮಂಡಿಯನ್ನೂ ಮುಖವನ್ನೂ ನೋಡಿದಳು. ನಂಬಲಿಲ್ಲ, ಆದರೂ ಬಂದಳು.

ಗುಂಪಿನ ಗದ್ದಲ ಮಾಡುವುದೂ ಒಂದು ವಿದ್ಯೆ. ಯಾವ ಮಾತೂ ಬಿಡಿಯಾಗಿ ಕೇಳಿಸಬಾರದು. ಸೌಂಡ್ ನೋಡಿಕೊಳ್ಳುವವರು, ಎಲ್ಲರೂ ಸೌಂಡಣ್ಣ ಅಂತಾರೆ, ನಮ್ಮನ್ನೆಲ್ಲ ಸುತ್ತ ನಿಲ್ಲಿಸಿ ತರಕಾರಿ ಹೆಸರು ಹೇಳಿ ಅಂದರು. ನಾನು ಬದನೆಕಾಯಿ ಬೆಂಡೆಕಾಯಿ ಅಂತ ಪಕ್ಕದವರ ಜೊತೆ ಹರಟೆ ಹೊಡೆದೆ, ಅವರು ಕುಂಬಳಕಾಯಿ ಅಂತ ತಲೆದೂಗಿದರು. ಮೊಮ್ಮಗಳು ಬಾಯಿ ಬಿಡದೆ ಗೋಡೆಗೆ ಅಂಟಿಕೊಂಡಿದ್ದಳು.

ಅದು ಮುಗಿದ ಮೇಲೆ ಎಲ್ಲರನ್ನೂ ಹೊರಗೆ ಕಳಿಸಿದರು. ನನ್ನ ಮಂಡಿ ಮತ್ತೆ ಹಿಡಿದುಕೊಂಡಿತು. ನಾನು ಸೌಂಡಣ್ಣನ ಕೋಣೆಯಲ್ಲೇ ಕುರ್ಚಿ ಎಳೆದುಕೊಂಡು ಕೂತೆ, ಮೊಮ್ಮಗಳು ಹಿಂದೆ ನಿಂತಳು, ಡೈರೆಕ್ಟರಮ್ಮ ಪಕ್ಕದಲ್ಲಿ. ಗಾಜಿನ ಆಚೆ ಸೊಸೆ ಮೈಕಿನ ಮುಂದೆ ಒಬ್ಬಳೇ. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಅದು ಹತ್ತಿದರೆ ಯಾರೂ ಆ ಬಾಗಿಲು ತೆಗೆಯುವಂತಿಲ್ಲ.

ಸನ್ನಿವೇಶ ಇಷ್ಟೇ. ನೌಕೆಯಿಂದ ಅವಳ ಗ್ರಹದಲ್ಲಿ ಉಳಿದ ಇಬ್ಬರು ಇಳಿಯುತ್ತಾರೆ, ಹಿಂದೆಯೇ ಬಾಗಿಲು ಮುಚ್ಚುತ್ತದೆ. ಗುಂಡುಸೂಜಿ ಕಾಯುತ್ತಾಳೆ, ಆಮೇಲೆ ಕೇಳುತ್ತಾಳೆ, "ಇನ್ನು ಯಾರೂ ಬರಲ್ವಾ?" ಆಮೇಲೆ ಅಳು. ಮೊದಲ ಸಲ ಸೊಸೆ ಅತ್ತದ್ದು ಸುಳ್ಳು ಅಂತ ನನಗೇ ಗೊತ್ತಾಯಿತು. ಎರಡನೇದೂ ಹಾಗೇ. ಡೈರೆಕ್ಟರಮ್ಮ ಬಟನ್ ಒತ್ತಿ ಒಳಗೆ ಮಾತಾಡಿದರು, "ಇನ್ನೊಂದೇ ಒಂದು ಮಾಡೋಣ. ಬರ್ಲಿಲ್ಲ ಅಂದ್ರೆ ಹಳೇದು ಇದ್ದೇ ಇದೆ."

ನನ್ನ ಹಿಂದೆ ಮೊಮ್ಮಗಳ ಉಸಿರು ನಿಂತಿತು. ಹಳೇದು ಅಂದರೆ ಯಾವುದು ಅಂತ ಅವಳಿಗೆ ತಿಳಿಯಿತು. ಅಮ್ಮ ಯಾಕೆ ಅಲ್ಲಿ ನಿಂತು ಒದ್ದಾಡುತ್ತಿದ್ದಾಳೆ ಅಂತಲೂ ತಿಳಿದಿರಬೇಕು.

ಸೊಸೆ ತಲೆ ಎತ್ತಿ ಗಾಜಿನ ಈಚೆ ನೋಡಿದಳು. ಮಗಳನ್ನು ನೋಡಿದಳು. "ಇನ್ನು ಯಾರೂ ಬರಲ್ವಾ?" ಅಂದಳು. ಗುಂಡುಸೂಜಿಯ ದನಿಯಲ್ಲೇ ಶುರುವಾಯಿತು, ಮುಗಿಯುವ ಹೊತ್ತಿಗೆ ಅದು ನಲವತ್ತು ದಾಟಿದ ಹೆಂಗಸಿನ ದನಿಯಾಗಿತ್ತು. ಆಮೇಲೆ ಒಂದು ಕೆಮ್ಮು ಬಂತು. ಇನ್ನೊಂದು. ಅವಳು ಸೊಂಟ ಹಿಡಿದುಕೊಂಡು ಬಗ್ಗಿದಳು, ಹಣೆ ಮೈಕಿನ ಸ್ಟ್ಯಾಂಡಿಗೆ ತಗುಲಿತು. ಆಮೇಲೆ ಬಂದ ಸದ್ದನ್ನು ಅಳು ಅನ್ನುವುದಕ್ಕೂ ಆಗದು. ತುಂಬಿದ ಬೀರುವನ್ನು ನೆಲದ ಮೇಲೆ ಎಳೆದ ಹಾಗಿತ್ತು. ನಾನು ಅದನ್ನು ಯಾರಿಂದಲೂ ಕೇಳಿರಲಿಲ್ಲ. ಮೂರು ವರ್ಷ ಅದು ಎಲ್ಲಿತ್ತೋ. ನನ್ನ ಮಗನ ಹೆಸರು ಅದರ ನಡುವೆ ಒಂದು ಸಲ ಕೇಳಿಸಿತು.

ಸದ್ದು ಮಿತಿ ಮೀರಿ ಸೌಂಡಣ್ಣನ ಎದುರಿನ ದೀಪಗಳೆಲ್ಲ ಕೆಂಪಗಾದವು. ಅವರು ನಿಲ್ಲಿಸಲು ಕೈ ಚಾಚಿದರು. "ಇರ್ಲಿ ಬಿಡಿ," ಅಂದಳು ಮೊಮ್ಮಗಳು. ಹಾಗಂದವಳೇ ಆ ದಪ್ಪ ಬಾಗಿಲನ್ನು ಎರಡೂ ಕೈಯಲ್ಲಿ ನೂಕಿಕೊಂಡು ಒಳಗೆ ಹೋದಳು, ಕೆಂಪು ದೀಪ ಉರಿಯುತ್ತಿದ್ದ ಹಾಗೇ.

ಮೈಕಿನಿಂದ ನಮಗೆ ಎಲ್ಲ ಕೇಳಿಸುತ್ತಿತ್ತು. "ಅಮ್ಮ," ಅಂದಳು. "ನೀನು ಅಪ್ಪಂಗೋಸ್ಕರ ಅಳಲೇ ಇಲ್ಲ ಅಂದ್ಕೊಂಡಿದ್ದೆ. ನಿಂಗೇನೂ ಅನ್ಸಿಲ್ಲ, ನನ್ನ ಅಳೂ ನಿಂಗೆ ಬರೀ ಕೆಲಸಕ್ಕೆ ಅಂತ."

ಸೊಸೆ ಇಲ್ಲ ಅಂತ ತಲೆ ಅಲ್ಲಾಡಿಸಿದಳು, ಮಗಳ ಕೈ ಹಿಡಿದುಕೊಂಡಳು. ಡೈರೆಕ್ಟರಮ್ಮ ಬಟನ್ ಕಡೆ ಕೈ ನೀಡಿದರು. ನಾನು ಅವರ ಮಣಿಕಟ್ಟು ಹಿಡಿದೆ, ನೋವಾಗುವ ಹಾಗೇ ಹಿಡಿದೆ. ಅವರು ನನ್ನನ್ನೂ ಗಾಜಿನಾಚೆಯನ್ನೂ ನೋಡಿ ಕೈ ಹಿಂದೆ ತೆಗೆದುಕೊಂಡರು. ಸೌಂಡಣ್ಣನ ಕಡೆ ತಿರುಗಿ ಹೇಳಿದರು, "ಈ ಸೀನಲ್ಲಿ ಅಳೋದು ಬೇಡ. ಹಳೇದೂ ಹಾಕ್ಬೇಡಿ. ಗುಂಡುಸೂಜಿ ಬೆನ್ನು ತಿರುಗ್ಸಿ ನಿಲ್ಲಲಿ, ಸಾಕು."

ಒಳಗೆ ಮೊಮ್ಮಗಳ ಮುಖ ಸೊಟ್ಟಗಾಯಿತು. ಅವಳ ಉಸಿರು ತುಂಡು ತುಂಡಾಗಿ ಒಳಗೆ ಹೋಗತೊಡಗಿತು. ಆ ಸದ್ದು ಶುರುವಾದದ್ದೇ ತಡ, ಸೊಸೆ ನೆಟ್ಟಗೆ ನಿಂತು ತನ್ನ ಅಂಗೈಯಿಂದ ಮೈಕನ್ನು ಮುಚ್ಚಿದಳು. ನಮ್ಮ ಕಡೆ ಒಂದು ಸಲ ಸರಕ್ ಅಂತು, ಆಮೇಲೆ ಏನೂ ಇಲ್ಲ. ಗಾಜಿನ ಆಚೆ ಅವಳು ಒಂದು ಕೈಯಲ್ಲಿ ಮೈಕು ಬಿಗಿಯಾಗಿ ಹಿಡಿದು ಇನ್ನೊಂದರಲ್ಲಿ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಇಬ್ಬರ ಬಾಯಿಯೂ ಆಡುತ್ತಿತ್ತು. ತುಂಬಾ ಹೊತ್ತು ಮಾತಾಡಿದರು. ಏನು ಮಾತಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ, ನಾನು ಕೇಳಿಲ್ಲ.